ಮಸೂರಿಯ ವಂಶಾವಳಿ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅಕ್ಕಿಯ ವಿಷಯಕ್ಕೆ ಒಮ್ಮತವೆಂಬುದು ಎಂದೂ ಇದ್ದದ್ದಿಲ್ಲ. ಕಳೆದ ವರ್ಷ ಸಂಘದ ಸಾಮೂಹಿಕ ಭೋಜನದ ದಿನ ಪಂಕ್ತಿಯಲ್ಲಿ ಕುಳಿತಾಗಲೂ ಅದೇ ಮಾತು ಎದ್ದಿತು. ಮಂಡ್ಯದ ಕಡೆಯ ಹಿರಿಯರೊಬ್ಬರು "ಅನ್ನ ಅಂದರೆ ನಮ್ಮ ಕಾವೇರಿ ನೀರಿನದು" ಎಂದರು. ರಾಯಚೂರಿನ ಅಕ್ಕನೊಬ್ಬರು ಬಡಿಸುತ್ತಿದ್ದ ಸೌಟನ್ನು ಅಲ್ಲೇ ನಿಲ್ಲಿಸಿ, "ನಮ್ಮ ಸಿಂಧನೂರು ಸೋನಾ ಮಸೂರಿ ಮುಂದ ಅದೇನು ಲೆಕ್ಕರೀ ಅಣ್ಣಾವ್ರ" ಎಂದು ಉತ್ತರ ಕೊಟ್ಟರು. ನಗೆ ಅಡಗುವ ಮೊದಲೇ ಎಲೆಯ ಕೊನೆಯಲ್ಲಿದ್ದ ಒಬ್ಬ ತರುಣ ಕೇಳಿದ: "ಆ ಮಸೂರಿಯನ್ನೇ ರಾಜೇಂದ್ರನಗರದಲ್ಲಿ ಒಳಗಿನಿಂದ ಕತ್ತರಿಸಿ ಹೊಸ ಭತ್ತ ಮಾಡಿದ್ದಾರಂತಲ್ಲ, ಅದನ್ನು ತಿನ್ನಬಹುದೇ?" ಪಂಕ್ತಿ ಒಂದು ಗಳಿಗೆ ಸುಮ್ಮನಾಯಿತು. ಪಾಯಸ ಬಂದದ್ದರಿಂದ ಆ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೆ ಉತ್ತರ ಹೇಳಲು ಹೊರಟರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ವಾಚಕರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ವಿನಂತಿ.

ಸುದ್ದಿ ಇಷ್ಟು. 2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವರು ಎರಡು ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು ನಮ್ಮ ರಾಜೇಂದ್ರನಗರದ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ 'ಡಿಆರ್‌ಆರ್ ಧಾನ್ 100', ಅಥವಾ 'ಕಮಲಾ'. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯ 'ಪೂಸಾ ಡಿಎಸ್‌ಟಿ ರೈಸ್ 1'. ಎರಡನ್ನೂ ವಂಶವಾಹಿಯನ್ನು, ಅಂದರೆ ಜೀನನ್ನು, ಇದ್ದಲ್ಲೇ ತಿದ್ದಿ ಪಡೆದದ್ದು. ಇವುಗಳಲ್ಲಿ ಕಮಲಾ ಎಂಬುದು ಬಿಪಿಟಿ 5204 ಅಥವಾ ಸಾಂಬಾ ಮಸೂರಿ ಎಂಬ ತಳಿಯ ತಿದ್ದಿದ ರೂಪ. ಅಂಗಡಿಯಲ್ಲಿ ನಾವು ಸೋನಾ ಮಸೂರಿ ಎಂದು ಕೊಳ್ಳುವ ಚೀಲಗಳಲ್ಲಿ ಬಹಳಷ್ಟು ಸಲ ಇರುವುದು ಈ ಸಾಂಬಾ ಮಸೂರಿಯೇ. ನಿಜವಾದ ಸೋನಾ ಮಸೂರಿ ಬೇರೆ, ಅದರ ಸಂಖ್ಯೆ ಬಿಪಿಟಿ 3291. ಎರಡಕ್ಕೂ ಮಸೂರಿಯೇ ಜನಕ, ಆದ್ದರಿಂದ ದಾಯಾದಿಗಳೆನ್ನಬಹುದು. ವರ್ತಕರಿಗೆ ದಾಯಾದಿಗಳಲ್ಲಿ ಭೇದವಿಲ್ಲ.

ಈ ಮನೆತನದ ಅತ್ಯಂತ ಹಳೆಯ ಹಿರಿಯ ಹುಟ್ಟಿದ್ದು ಯಾವ ಪ್ರಯೋಗಶಾಲೆಯಲ್ಲೂ ಅಲ್ಲ. ಹಳೆಯ ಮದರಾಸು ಪ್ರಾಂತದಲ್ಲಿ ಕೋನಾಮಣಿ ಎಂಬ ಭತ್ತವಿತ್ತು. ಆ ಭತ್ತದ ಬೆಳೆಯಲ್ಲಿ ತಾನಾಗಿಯೇ ಬೇರೆಯಾಗಿ ಎದ್ದ, ಸಣ್ಣ ಕಾಳಿನ ಒಂದು ಗಿಡ ಕಂಡುಬಂದಿತು. ಅದನ್ನು ಆರಿಸಿ, ಬೇರೆಯಾಗಿ ಬೆಳೆಸಿ, ಕೊಯಮತ್ತೂರಿನ ಭತ್ತದ ತಳಿ ಕೇಂದ್ರ 1921ರಲ್ಲಿ ರೈತರಿಗೆ ಕೊಟ್ಟಿತು. ಅದಕ್ಕೆ ಸರ್ಕಾರದವರು ಇಟ್ಟ ಹೆಸರಿನಲ್ಲಿ ಕಾವ್ಯದ ಗಂಧವೂ ಇಲ್ಲ: ಜಿಇಬಿ 24. ಗವರ್ನಮೆಂಟ್ ಎಕನಾಮಿಕ್ ಬಾಟನಿಸ್ಟ್ ಎಂಬ ಹುದ್ದೆಯ ಮೊದಲಕ್ಷರಗಳು, ಅದರ ಮುಂದೆ ಒಂದು ಸಂಖ್ಯೆ. ಜನ ಮಾತ್ರ ಅದನ್ನು ಕಿಚಿಲಿ ಸಾಂಬಾ ಎಂದು ಕರೆದರು. ಬೇಯಿಸಿದರೆ ಹೂವಿನಂತೆ ಅರಳುವ ಅನ್ನ. ಹಾಗಾಗಿ ಮುಂದಿನ ತಳಿಗಾರರೆಲ್ಲ ರುಚಿ ಬೇಕಾದಾಗ ಇದರ ಬಾಗಿಲನ್ನೇ ತಟ್ಟಿದರು. ಟಿಕೆಎಂ 6 ಇದರ ಮಗು; ಐಆರ್ 20 ಮೊಮ್ಮಗು.

ಪ್ರಕೃತಿಯೇ ಒಂದು ಗಿಡದ ವಂಶವಾಹಿಯಲ್ಲಿ ಕೈಯಾಡಿಸಿ ಬದಲಾಯಿಸುವುದಕ್ಕೆ ಉತ್ಪರಿವರ್ತನೆ ಎಂದು ಹೆಸರು. ಈ ಮಾತು ಮುಂದೆ ಮತ್ತೆ ಬೇಕಾಗುತ್ತದೆ, ನೆನಪಿರಲಿ.

ಇನ್ನು ಮಸೂರಿಯ ಕಡೆ ಬರೋಣ. ಆ ಕಥೆಗೆ ಹಿನ್ನೆಲೆ 1943ರ ಬಂಗಾಳದ ಕ್ಷಾಮ. ಯುದ್ಧದಲ್ಲಿ ಬರ್ಮಾ ಕೈಬಿಟ್ಟುಹೋಗಿ ಅಲ್ಲಿನ ಅಕ್ಕಿ ನಿಂತಿತು. ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಆ ಪೆಟ್ಟಿನ ಬೆನ್ನಿಗೆ 1946ರಲ್ಲಿ ಒರಿಸ್ಸಾದ ಕಟಕ್‌ನಲ್ಲಿ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರು ಕೊಯಮತ್ತೂರಿನಲ್ಲಿ ಪಳಗಿದ್ದ ಡಾ. ಕೆ. ರಾಮಯ್ಯ. ಸ್ವಾತಂತ್ರ್ಯದ ನಂತರ, 1951ರಲ್ಲಿ, ಸಿಂದ್ರಿಯಲ್ಲಿ ಗೊಬ್ಬರದ ಕಾರ್ಖಾನೆಯೂ ಆರಂಭವಾಯಿತು. ಆದರೆ ಗೊಬ್ಬರ ಹಾಕಿದರೆ ನಮ್ಮ ಭತ್ತಕ್ಕೆ ಒಂದು ಕೇಡಿತ್ತು. ನಮ್ಮದು 'ಇಂಡಿಕಾ' ಜಾತಿ, ಉದ್ದ ದಂಟಿನದು. ಹೆಚ್ಚು ಉಣಿಸಿದರೆ ಇನ್ನೂ ಎತ್ತರ ಬೆಳೆದು, ತೆನೆಯ ಭಾರಕ್ಕೆ ಮಲಗಿಬಿಡುತ್ತಿತ್ತು. ಮಲಗಿದ ಪೈರಿನಿಂದ ರೈತನಿಗೆ ಉಳಿಯುವುದು ಹುಲ್ಲೇ. ಜಪಾನಿನ 'ಜಪಾನಿಕಾ' ಗಿಡ್ಡ, ಗೊಬ್ಬರವನ್ನು ಕಾಳಾಗಿಸಬಲ್ಲದು. ಆದರೆ ಅನ್ನ ಅಂಟಂಟು, ನಮ್ಮ ಹವೆಗೂ ಒಗ್ಗದು.

ಎರಡನ್ನೂ ಕೂಡಿಸಿದರೆ ಹೇಗೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಲ್ಲಿ 1950ರ ದಶಕದ ಆರಂಭದಲ್ಲಿ ಕಟಕ್‌ನಲ್ಲಿ ಈ ಸಂಕರಣ ಕಾರ್ಯ ಹಮ್ಮಿಕೊಂಡರು. ಏಷ್ಯಾದ ಅನೇಕ ದೇಶಗಳ ಭತ್ತಗಳು ಕಟಕ್‌ಗೆ ಬಂದವು, ಬೆರಕೆಯ ಬೀಜಗಳು ಆಯಾ ದೇಶಗಳಿಗೆ ಮರಳಿದವು. ಹೂ ಅರಳುವ ಮುನ್ನ ಅದರೊಳಗಿನ ಆರು ಕೇಸರಗಳನ್ನು ಚಿಮಟದಿಂದ ತೆಗೆದು, ಬೇರೆ ಗಿಡದ ಪರಾಗವನ್ನು ಉದುರಿಸುವ ಕೆಲಸ. ಕೈ ನಡುಗಿದರೆ ಹೂವೇ ಹಾಳು. ಇಷ್ಟೆಲ್ಲ ಮಾಡಿದ ಮೇಲೂ ಬೆರಕೆ ಪೈರಿನ ತೆನೆಗಳಲ್ಲಿ ಜೊಳ್ಳೇ ಹೆಚ್ಚು. ಎರಡು ಜಾತಿಗಳ ನಡುವೆ ಅಷ್ಟು ದೂರವಾಗಿಹೋಗಿತ್ತು. ವರ್ಷಗಳ ದುಡಿಮೆಯಿಂದ ಹೊರಬಂದ ಒಳ್ಳೆಯ ತಳಿಗಳು ಬೆರಳೆಣಿಕೆಯಷ್ಟು. ತಂಜಾವೂರಿನಲ್ಲಿ ಹೆಸರಾದ ಎಡಿಟಿ 27 ಅವುಗಳಲ್ಲೊಂದು. ಅದರಲ್ಲೂ ನಮ್ಮ ಜಿಇಬಿ 24ರ ರಕ್ತವಿದೆ. ಇನ್ನೊಂದು ಮಲಯಾಕ್ಕೆ ಹೋದದ್ದು. ಅಲ್ಲಿಯ ಮಾಯಾಂಗ್ ಇಬೋಸ್ 80 ಎಂಬ ಭತ್ತಕ್ಕೂ ತೈವಾನಿನ ತೈಚುಂಗ್ 65ಕ್ಕೂ ಮಾಡಿದ ಬೆರಕೆಯನ್ನು ಜಪಾನೀ ತಜ್ಞರ ಸಹಾಯದಿಂದ ಹತ್ತಾರು ಬೆಳೆ ಸೋಸಿ, 1965ರಲ್ಲಿ ಮಲೇಶಿಯಾ ಬಿಡುಗಡೆ ಮಾಡಿತು. ಹೆಸರು 'ಮಹ್ಸುರಿ'.

ಈ ಹೆಸರನ್ನು ಕೇಳಿ ಮೈಸೂರಿಗೂ ಇದಕ್ಕೂ ನಂಟು ಕಲ್ಪಿಸುವವರನ್ನು ನಾನು ಕಂಡಿದ್ದೇನೆ. ಮಸೂರಿ ಬೆಟ್ಟಕ್ಕೆ ಗಂಟು ಹಾಕುವವರೂ ಉಂಟು. ಎರಡೂ ಅಲ್ಲ. ಲಂಕಾವಿ ದ್ವೀಪದ ಐತಿಹ್ಯದಲ್ಲಿ ಬರುವ ಹೆಣ್ಣಿನ ಹೆಸರು ಅದು. ಶೀಲದ ಮೇಲೆ ಸುಳ್ಳು ಆರೋಪ ಹೊರಿಸಿ ಅವಳನ್ನು ಕೊಂದರೆಂದೂ, ಗಾಯದಿಂದ ಬಿಳಿಯ ರಕ್ತ ಹರಿದು ಅವಳ ನಿರ್ದೋಷ ಸಾಬೀತಾಯಿತೆಂದೂ, ಸಾಯುವಾಗ ಆ ದ್ವೀಪಕ್ಕೆ ಏಳು ತಲೆಮಾರು ಏಳಿಗೆ ಇಲ್ಲದಿರಲೆಂದು ಶಪಿಸಿದಳೆಂದೂ ಅಲ್ಲಿನವರು ಹೇಳುತ್ತಾರೆ. ಅನ್ನಕ್ಕೆ ಹತ್ತಿಕೊಂಡ ಹೆಸರು ಶಾಪ ಕೊಟ್ಟವಳದು! ನಮ್ಮ ಮಟ್ಟಿಗೆ ಅವಳು ವರವನ್ನೇ ಕೊಟ್ಟಳು.

ಮಹ್ಸುರಿ 1960ರ ದಶಕದ ಕೊನೆಗೆ ಭಾರತಕ್ಕೆ ಬಂದಾಗ ಇಲಾಖೆಯ ಪರೀಕ್ಷೆಯಲ್ಲಿ ಅನುತ್ತೀರ್ಣವಾಯಿತು. ದಂಟು ಇನ್ನೂ ಉದ್ದ, ಮಲಗುತ್ತದೆ ಎಂಬುದು ಕಾರಣ. ಮುಂದಿನದನ್ನು ಕೃಷಿ ವಿಜ್ಞಾನಿಗಳೇ ತಮ್ಮ ಬರಹಗಳಲ್ಲಿ ಹೇಳಿಕೊಂಡಿದ್ದಾರೆ. ಆಂಧ್ರದಲ್ಲಿ ಒಬ್ಬ ಕೃಷಿ ಕಾರ್ಮಿಕನ ಕೈಗೆ ಆ ತಿರಸ್ಕೃತ ಬೀಜ ಸ್ವಲ್ಪ ಸಿಕ್ಕಿತಂತೆ. ಬಿತ್ತಿದ, ಬೆಳೆಯಿತು, ಉಂಡ, ನೆರೆಯವರಿಗೆ ಕೊಟ್ಟ. ಇಲಾಖೆ ಬೇಡವೆಂದ ಭತ್ತ ಗದ್ದೆಯಿಂದ ಗದ್ದೆಗೆ ಹೀಗೆ ನಡೆದು ಬಂಗಾಳ, ಅಸ್ಸಾಮ್‌ಗಳವರೆಗೂ ಹಬ್ಬಿತು. ಮದರಾಸಿನ ನಮ್ಮ ಬಂಧುಗಳು ಉಣ್ಣುವ ಪೊನ್ನಿ ಕೂಡ ಇದೇ ಮಸೂರಿ; ಪೊನ್ನಿಯೆಂದರೆ ತಮಿಳಿನಲ್ಲಿ ಕಾವೇರಿಗೆ ಹೆಸರು. ಮಂಡ್ಯದ ಹಿರಿಯರಿಗೆ ಈ ಮಾತಿನಿಂದ ಕೊಂಚ ಸಮಾಧಾನವಾದೀತು. ಆ ಕೂಲಿಕಾರನ ಹೆಸರನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಉದ್ದ ದಂಟಿನ ಕೊರತೆ ತೀರಿಸಿದವನು ಮೂರನೆಯ ಪೂರ್ವಜ, ತೈವಾನಿನ ತೈಚುಂಗ್ ನೇಟಿವ್ 1. ತೈವಾನಿನಲ್ಲಿ 'ಡೀ-ಜಿಯೋ-ವೂ-ಜೆನ್' ಎಂಬ ಗಿಡ್ಡ ಭತ್ತವಿತ್ತು. ಅದರ ಮಗ ಈ ತೈಚುಂಗ್. 1964ರ ಸುಮಾರಿಗೆ ಇಲ್ಲಿಗೆ ಬಂದು ಹಸಿರು ಕ್ರಾಂತಿಗೆ ನಾಂದಿ ಹಾಡಿತು. ಅನ್ನ ಸಪ್ಪೆ, ರೋಗ ಬಹಳ, ಆದರೆ ಎಷ್ಟು ಗೊಬ್ಬರ ಹಾಕಿದರೂ ಅಲುಗಾಡದೆ ನಿಲ್ಲುವ ಗಿಡ್ಡ ದೇಹ. ಗಿಡ್ಡಾದದ್ದು ಹೇಗೆಂಬುದು 2002ರಲ್ಲಷ್ಟೆ ಬಯಲಾಯಿತು. ಭತ್ತದ ಆನುವಂಶಿಕ ಬರಹದಲ್ಲಿ ಸುಮಾರು 39 ಕೋಟಿ ಅಕ್ಷರಗಳಿವೆ. ಆ ಹಳೆಯ ತೈವಾನೀ ಭತ್ತದಲ್ಲಿ, ದಂಟನ್ನು ಎತ್ತರಿಸುವ ಹಾರ್ಮೋನು ತಯಾರಿಸುವ ಒಂದು ವಂಶವಾಹಿಯ ಜಾಗದಲ್ಲಿ 383 ಅಕ್ಷರಗಳು ಯಾವ ಕಾಲದಲ್ಲೋ ತಾವಾಗಿಯೇ ಬಿದ್ದುಹೋಗಿದ್ದವು. ಎಂದರೆ, ಕೋಟಿಗಟ್ಟಲೆ ಜನರ ಹಸಿವು ತಣಿಸಿದ ಗಿಡ್ಡತನ ಮುರಿದುಹೋದ ಒಂದು ವಂಶವಾಹಿಯ ಫಲ.

ಆಂಧ್ರದ ಗುಂಟೂರು ಸೀಮೆಯ ಬಾಪಟ್ಲದ ಸಂಶೋಧನಾ ಕೇಂದ್ರದಲ್ಲಿ ಈ ಮೂವರೂ ಕೂಡಿದರು. ಜಿಇಬಿ 24ಕ್ಕೆ ತೈಚುಂಗ್ ನೇಟಿವ್ ಬೆರೆಸಿ, ಬಂದದ್ದಕ್ಕೆ ಮಸೂರಿ ಬೆರೆಸಿದರು. 1986ರಲ್ಲಿ ಬಿಪಿಟಿ 5204 ಹೊರಬಂದಿತು. ಹಿರಿಯಜ್ಜನ ಸಾಂಬಾ, ಇತ್ತ ಮಸೂರಿ. ಹೆಸರಿನಲ್ಲೇ ಎರಡು ಮನೆತನದ ಗುರುತು.

ಅದು ತುಂಗಭದ್ರೆಯ ಕಾಲುವೆಯ ನೀರಿಗೆ ಹೇಳಿ ಮಾಡಿಸಿದಂತಿತ್ತು. 1953ರಲ್ಲಿ ಅಣೆಕಟ್ಟೆಯ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಗಂಗಾವತಿ, ಸಿಂಧನೂರು, ಮಾನ್ವಿಗಳಲ್ಲಿ ನೆಲ ಕೊಂಡು ಕ್ಯಾಂಪು ಹಾಕಿಕೊಂಡು ಕುಳಿತಿದ್ದರು. ಜೋಳ ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಗದ್ದೆಯಾಯಿತು. ಬಾಪಟ್ಲದ ಬೀಜ ಅಲ್ಲಿಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. 'ಬಿಪಿಟಿ' ಎಂಬುದು ಆ ಸೀಮೆಯಲ್ಲಿ ಕನ್ನಡದ ಶಬ್ದವೇ ಆಗಿಹೋಯಿತು. ರಾಯಚೂರಿನ ಅಕ್ಕ "ನಮ್ಮ ಸೋನಾ ಮಸೂರಿ" ಎಂದದ್ದು ಸರಿಯೇ. ಅವರ ಅಜ್ಜಿಯ ಕಾಲದಲ್ಲಿ ಮಾತ್ರ ಆ ಮನೆಯಲ್ಲಿ ದಿನವೂ ಬಡಿದದ್ದು ರೊಟ್ಟಿ.

ಈ ತಳಿಗೆ ಎರಡು ದೌರ್ಬಲ್ಯ. ಒಂದು, ದುಂಡಾಣು ಅಂಗಮಾರಿ ರೋಗ. ಇದಕ್ಕೆ ಔಷಧ ಬಂದದ್ದು ಆಫ್ರಿಕದ ಮಾಲಿ ದೇಶದ ಕಾಡುಭತ್ತದಿಂದ. ಅದರ ಕ್ಸಾ 21 ಎಂಬ ನಿರೋಧಕ ವಂಶವಾಹಿಯನ್ನೂ, ಜೊತೆಗೆ ಇನ್ನೆರಡನ್ನೂ ಹೈದರಾಬಾದಿನ ಭತ್ತ ನಿರ್ದೇಶನಾಲಯ ಮತ್ತು ಹಬ್ಸಿಗುಡದ ಸಿಸಿಎಂಬಿ ಕೂಡಿ, ಬರಿಯ ಸಂಕರಣದಿಂದಲೇ, ಆದರೆ ಡಿಎನ್‌ಎ ಗುರುತುಗಳನ್ನು ನೋಡಿ ನೋಡಿ ಆರಿಸುತ್ತ, ಸಾಂಬಾ ಮಸೂರಿಗೆ ಸೇರಿಸಿದರು. 'ಸುಧಾರಿತ ಸಾಂಬಾ ಮಸೂರಿ' 2008ರಲ್ಲಿ ಬಂತು. ಆಮೇಲೆ ನೋಡಿದರೆ ಅದರ ಗ್ಲೈಸೀಮಿಕ್ ಸೂಚ್ಯಂಕವೂ 51ರಷ್ಟೇ ಎಂದು ತಿಳಿಯಿತು. ಸಂಘದ ಸಕ್ಕರೆ ಕಾಯಿಲೆಯ ಸದಸ್ಯರು ಇದನ್ನು ಓದಿ ಎರಡನೆಯ ಸಲ ಅನ್ನ ಬಡಿಸಿಕೊಂಡರೆ ಲೇಖಕ ಹೊಣೆಯಲ್ಲ.

ಎರಡನೆಯ ದೌರ್ಬಲ್ಯ ಕಾಲ. ನಾಟಿಯ ಮಡಿಯಿಂದ ಕೊಯ್ಲಿನವರೆಗೆ 145ರಿಂದ 150 ದಿನ, ಅಷ್ಟೂ ಕಾಲ ನೀರು. ತುಂಗಭದ್ರೆಯ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು; ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಕಾಲುವೆಯ ತಲೆಭಾಗದವನು ಎರಡು ಬೆಳೆ ತೆಗೆಯುವಾಗ ಕೊನೆಭಾಗದವನು ಒಂದಕ್ಕೂ ನೀರು ಕಾಣದೆ ರಸ್ತೆತಡೆಗೆ ಕೂರುವುದು ನಮ್ಮ ಕಡೆ ವರ್ಷದ ಹಬ್ಬದಂತೆ ಆಗಿಬಿಟ್ಟಿದೆ. ತೆನೆ ಹಾಲು ಕಟ್ಟುವ ಹೊತ್ತಿಗೆ ಕಾಲುವೆ ನಿಂತರೆ ಹದಿನೈದು ದಿನವೂ ಒಂದು ಜನ್ಮವಿದ್ದಂತೆ.

ಇಲ್ಲಿಗೆ ಕತ್ತರಿಯ ಪ್ರವೇಶ. ಆ ಕತ್ತರಿಯದೂ ಸ್ವಾರಸ್ಯದ ಕಥೆ. 1987ರಲ್ಲಿ ಜಪಾನಿನ ಒಸಾಕಾದಲ್ಲಿ ಯೋಶಿಜುಮಿ ಇಶಿನೋ ಮತ್ತು ಸಂಗಡಿಗರು ಒಂದು ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ಒಂದೇ ಸಾಲು ಪಲ್ಲವಿಯಂತೆ ಮತ್ತೆ ಮತ್ತೆ ಬರುವುದನ್ನು ಕಂಡರು, ಅರ್ಥ ತಿಳಿಯಲಿಲ್ಲ. ಸ್ಪೇನಿನ ಉಪ್ಪುಕೆರೆಗಳ ಸೂಕ್ಷ್ಮಜೀವಿಗಳಲ್ಲೂ ಅಂಥದೇ ಸಾಲುಗಳನ್ನು ಕಂಡ ಫ್ರಾನ್ಸಿಸ್ಕೋ ಮೊಹಿಕಾ, ಪಲ್ಲವಿಗಳ ನಡುವಿನ ಚರಣಗಳು ಹಿಂದೆ ದಾಳಿಮಾಡಿದ್ದ ವೈರಸ್ಸುಗಳ ತುಣುಕುಗಳೆಂದು ಗುರುತಿಸಿದರು. ಪೊಲೀಸ್ ಠಾಣೆಯಲ್ಲಿ ಕಳ್ಳರ ಭಾವಚಿತ್ರ ತೂಗುಹಾಕಿದಂತೆ! ಅದೇ ವೈರಿ ಮತ್ತೆ ಬಂದರೆ ಚಿತ್ರಕ್ಕೆ ಹೋಲಿಸಿ, ಗುರುತು ಸಿಕ್ಕಲ್ಲಿ ಕತ್ತರಿಸುವುದು. ಇದು ನಿಜವೆಂದು 2007ರಲ್ಲಿ ಸಾಬೀತಾದದ್ದು ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯದಲ್ಲಿ, ಒಂದು ಆಹಾರ ಪದಾರ್ಥಗಳ ಕಂಪನಿಯ ವಿಜ್ಞಾನಿಗಳಿಂದ. ಬೇಕಾದ ಭಾವಚಿತ್ರವನ್ನು ನಾವೇ ಬರೆದುಕೊಟ್ಟು ಬೇಕಾದಲ್ಲಿ ಕತ್ತರಿಸಬಹುದೆಂದು 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಂಟಿಯೆ ತೋರಿಸಿಕೊಟ್ಟರು. 2020ರ ರಸಾಯನಶಾಸ್ತ್ರದ ನೊಬೆಲ್ ಈ ಇಬ್ಬರು ಮಹಿಳೆಯರಿಗೆ ಬಂತು. ಕ್ರಿಸ್ಪರ್ ಎಂಬುದು ಈ ವಿದ್ಯೆಯ ಹೆಸರು. ಮರುವರ್ಷವೇ, 2013ರಲ್ಲಿ, ಭತ್ತ ಗೋಧಿಗಳಲ್ಲಿ ಅದು ಕೆಲಸ ಮಾಡಿತು.

ರಾಜೇಂದ್ರನಗರದವರು ಸಾಂಬಾ ಮಸೂರಿಯಲ್ಲಿ ಮುಟ್ಟಿದ್ದು ಒಂದೇ ವಂಶವಾಹಿಯನ್ನು. ತೆನೆ ಮೂಡುವ ತುದಿಯಲ್ಲಿ ಸೈಟೊಕೈನಿನ್ ಎಂಬ ಹಾರ್ಮೋನು ಹೆಚ್ಚಿದ್ದಷ್ಟು ಹೂ ಹೆಚ್ಚು, ಕಾಳು ಹೆಚ್ಚು. ಆ ಹಾರ್ಮೋನನ್ನು ಕರಗಿಸುವ ಕಿಣ್ವವೊಂದು ಗಿಡದಲ್ಲೇ ಇದೆ. 2005ರಲ್ಲಿ ಜಪಾನೀ ವಿಜ್ಞಾನಿಗಳು 'ಹಬಟಾಕಿ' ಎಂಬ ತಳಿಯ ತೆನೆ ಏಕೆ ಅಷ್ಟು ದಟ್ಟ ಎಂದು ಹುಡುಕಿದಾಗ, ಅದರಲ್ಲಿ ಈ ಕಿಣ್ವದ ವಂಶವಾಹಿ ಹುಟ್ಟಿನಿಂದಲೇ ಮಂದವಾಗಿದ್ದುದು ಕಂಡಿತು. ಹೈದರಾಬಾದಿನವರು ಅದನ್ನೇ ಕತ್ತರಿಯಿಂದ ಮಾಡಿದರು. ಹೊರಗಿನ ಡಿಎನ್‌ಎ ಅಂತಿಮ ಗಿಡದಲ್ಲಿ ಉಳಿದಿಲ್ಲ. ಸರ್ಕಾರ ಹೇಳುವಂತೆ ಇಳುವರಿ ಮೂಲ ತಳಿಗಿಂತ ಶೇಕಡ 19 ಹೆಚ್ಚು, ಕೊಯ್ಲು ಸುಮಾರು 20 ದಿನ ಮುಂಚೆ. ಎರಡೂ ಹೊಸ ತಳಿಗಳು 50 ಲಕ್ಷ ಹೆಕ್ಟೇರಿಗೆ ಹಬ್ಬಿದರೆ 750 ಕೋಟಿ ಘನಮೀಟರ್ ನೀರು ಉಳಿಯುವುದೆಂದೂ ಹೇಳಿತು. ಅಂದರೆ ಸುಮಾರು 265 ಟಿಎಂಸಿ, ಇಂದಿನ ಎರಡೂವರೆ ತುಂಗಭದ್ರಾ ಜಲಾಶಯ. ಹೇಳಿಕೆ ಹಬ್ಬಿದರೆ ಎಂಬುದರ ಮೇಲೆ ನಿಂತಿದೆ. ಕೊನೆಭಾಗದ ರೈತ ಇಂಥ 'ರೆ'ಗಳನ್ನು ಬಹಳ ಕೇಳಿದ್ದಾನೆ. ಇನ್ನೊಂದು ತಳಿ, ಪೂಸಾದ್ದು, ಎಂಟಿಯು 1010 ಎಂಬ ಆಂಧ್ರದ ಭತ್ತವನ್ನು ತಿದ್ದಿದ್ದು. ಬರ ಮತ್ತು ಉಪ್ಪುನೆಲವನ್ನು ತಾಳಲೆಂದು.

ಇನ್ನು ಭಯದ ಮಾತು. ಬಿಪಿಟಿ ಬೆಳೆಯುವ ಸಿಂಧನೂರು ತಾಲ್ಲೂಕಿನಲ್ಲೇ 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಬಿಟಿ ಹತ್ತಿಯ ಪ್ರಾಯೋಗಿಕ ಬೆಳೆಯನ್ನು ಕಿತ್ತು ಸುಟ್ಟಿತು. ದೇಶದಾದ್ಯಂತ ಸುದ್ದಿಯಾಯಿತು. 2002ರಲ್ಲಿ ಆ ಹತ್ತಿಗೆ ಅನುಮತಿ ಸಿಕ್ಕಿತು. 2010ರ ಫೆಬ್ರವರಿಯಲ್ಲಿ, ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಜನರ ಅಹವಾಲು ಕೇಳಿದ ಮೇಲೆ, ಬಿಟಿ ಬದನೆಗೆ ತಡೆ ಬಿತ್ತು. ಅವೆರಡೂ ಬೇರೆ ಜೀವಿಯ ವಂಶವಾಹಿಯನ್ನು ತಂದು ಸೇರಿಸಿದವು, ಕಮಲಾ ಹಾಗಲ್ಲ. ಈ ಭೇದದ ಆಧಾರದ ಮೇಲೆಯೇ ಕೇಂದ್ರ ಪರಿಸರ ಮಂತ್ರಾಲಯ 2022ರ ಮಾರ್ಚ್ 30ರಂದು, ಹೊರಗಿನ ಡಿಎನ್‌ಎ ಇಲ್ಲದ ತಿದ್ದುಪಡಿಗಳನ್ನು 1989ರ ಜೈವಿಕ ಸುರಕ್ಷಾ ನಿಯಮಗಳ ಮುಖ್ಯ ಭಾಗದಿಂದ ಹೊರಗಿಟ್ಟಿತು. ಯುರೋಪಿನ ನ್ಯಾಯಾಲಯ 2018ರಲ್ಲಿ ಇಂಥವನ್ನೂ ಕುಲಾಂತರಿಗಳ ಸಾಲಿಗೇ ಸೇರಿಸಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ತರುಣನ ಪ್ರಶ್ನೆಗೆ ಉತ್ತರ ಅಷ್ಟು ಕಷ್ಟದ್ದಲ್ಲ. ಕೋನಾಮಣಿಯ ನಡುವೆ ಎದ್ದ ಆ ಗಿಡ, ತೈವಾನಿನ ಆ ಗಿಡ್ಡ, ಇವುಗಳಲ್ಲಿ ಪ್ರಕೃತಿ ಮಾಡಿದ್ದೂ ತಿದ್ದುಪಡಿಯೇ. ನಾವು ಅದನ್ನು ಮೂರು ತಲೆಮಾರು ಉಂಡು ಅರಗಿಸಿಕೊಂಡಿದ್ದೇವೆ. ಆದರೆ ಕತ್ತರಿ ಕೆಲವೊಮ್ಮೆ ಗುರಿ ತಪ್ಪಿ ಬೇರೆಡೆ ಕತ್ತರಿಸುವುದುಂಟು. ಹಾಗಾಗಿಲ್ಲವೆಂಬ ಪರೀಕ್ಷೆಯ ವರದಿ ಎಲ್ಲರ ಕಣ್ಣಿಗೂ ಬೀಳಬೇಕು. ಪ್ರಯೋಗದ ಅಂಕಿಗಳನ್ನೇ ಪ್ರಶ್ನಿಸಿದ ವಿರೋಧಿಗಳಿಗೆ ಉತ್ತರ ಕೊಡಬೇಕಾದ್ದು ಅಂಕಿಗಳಿಂದ. ಬಿಟಿ ಬದನೆಗೆ ಏಳು ಊರಿನಲ್ಲಿ ಜನರ ಮಾತು ಕೇಳಿದ ದೇಶದಲ್ಲಿ ಈ ಸಲ ಆ ಪದ್ಧತಿಯನ್ನೇ ಬಿಟ್ಟದ್ದು ನನಗೆ ಸರಿಕಾಣಲಿಲ್ಲ. ಇಲಾಖೆ ತಿರಸ್ಕರಿಸಿದ ಬೀಜವನ್ನು ಒಬ್ಬ ಕೂಲಿಕಾರ ಉಳಿಸಿ ಹಂಚಿದ್ದರಿಂದಲೇ ಮಸೂರಿ ನಮ್ಮ ತಟ್ಟೆಗೆ ಬಂದದ್ದು. ಕ್ರಿಸ್ಪರ್‌ನ ಮುಖ್ಯ ಪೇಟೆಂಟುಗಳು ವಿದೇಶದ ವಿಶ್ವವಿದ್ಯಾಲಯ ಮತ್ತು ಸಂಸ್ಥೆಗಳ ಕೈಯಲ್ಲಿವೆ. ಬೀಜವನ್ನು ಉಳಿಸಿ ನೆರೆಯವನಿಗೆ ಒಂದು ಸೇರು ಕೊಡುವ ಹಕ್ಕು ಅವುಗಳ ನಡುವೆ ಸಿಕ್ಕಿಕೊಳ್ಳದೆ ಉಳಿಯುವುದೇ ಎಂಬುದು ನನ್ನ ಚಿಂತೆ.

ಈ ಚಿಂತೆಗೆ ಭಾಗಶಃ ಉತ್ತರ ಬಂದಿರುವುದು ಕಟಕ್‌ನಿಂದಲೇ. ಅಲ್ಲಿಯ ಸಂಸ್ಥೆಯ ವಿಜ್ಞಾನಿಗಳು ಟಿಎನ್‌ಪಿಬಿ ಎಂಬ, ಕ್ರಿಸ್ಪರ್‌ನ ಪ್ರೋಟೀನಿಗಿಂತ ಬಹಳ ಪುಟ್ಟದಾದ, ಇನ್ನೊಂದು ಕತ್ತರಿಯನ್ನು ಭತ್ತದಲ್ಲಿ ಬಳಸಿ ತೋರಿಸಿದ್ದಾರೆ. 2025ರಲ್ಲಿ ಅದಕ್ಕೆ ಭಾರತದ ಪೇಟೆಂಟು ದೊರೆಯಿತು. ಎಪ್ಪತ್ತು ವರ್ಷದ ಹಿಂದೆ ಚಿಮಟ ಹಿಡಿದು ಜೊಳ್ಳು ತೆನೆಗಳನ್ನು ಎಣಿಸುತ್ತಿದ್ದ ಅದೇ ಆವರಣ.

ಇಷ್ಟನ್ನೆಲ್ಲ ಬರೆದ ಮೇಲೆ ನಮ್ಮ ಬೀದಿಯ ಕಿರಾಣಿ ಅಂಗಡಿಯ ಯಜಮಾನರಿಗೆ ಕಮಲಾ ಅಕ್ಕಿಯ ವಿಷಯ ಹೇಳಿದೆ. ತಿದ್ದಿದ ಅಕ್ಕಿಯೆಂದು ಚೀಲದ ಮೇಲೆ ಬರೆಯುತ್ತೀರೋ ಎಂದೂ ಕೇಳಿದೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ, "ಯಾವ ಅಕ್ಕಿ ಬಂದರೂ ಸರ್, ಚೀಲ ಮಾತ್ರ ಸೋನಾ ಮಸೂರಿದೇ" ಎಂದರು.